ಕಾಮಿಕ್ಸ್, ಬೋರ್ಡ್ ಗೇಮ್: ಅಂಗಡಿಯಲ್ಲಿ ಕೊಳ್ಳುವುದು ಯಾವುದು, ಆನ್‌ಲೈನಿನಲ್ಲಿ ಯಾವುದು?

ಮಗಳಿಗೆ ಹನ್ನೆರಡು ತುಂಬಿದ ವರ್ಷ ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ಹೊಸದೊಂದು ಬಾಬತ್ತು ಸೇರಿತು: ಮಾಂಗಾ. ಜಪಾನಿನ ಈ ಚಿತ್ರಕಥೆಗಳು ಒಂದೆರಡು ಪುಸ್ತಕಕ್ಕೆ ಮುಗಿಯುವಂಥವಲ್ಲ. ‘ಡೀಮನ್ ಸ್ಲೇಯರ್’ 23 ಸಂಪುಟ, ‘ನರುಟೊ’ 72. ‘ಒನ್ ಪೀಸ್’ ನೂರು ದಾಟಿಯೂ ಬರುತ್ತಲೇ ಇದೆ. ಸಂಪುಟಕ್ಕೆ 450 ರೂಪಾಯಿ ಎಂದು ಹಿಡಿದರೂ ‘ನರುಟೊ’ ಪೂರ್ತಿ ಕೊಳ್ಳಲು 32,400 ರೂಪಾಯಿ ಬೇಕು. ಅದೇ ಹೊತ್ತಿಗೆ ಯಜಮಾನರಿಗೆ ಬೋರ್ಡ್ ಗೇಮಿನ ಹುಚ್ಚು ಹತ್ತಿತು. ಒಂದೊಂದು ಡಬ್ಬಿಗೆ ಮೂರು-ನಾಲ್ಕು ಸಾವಿರ. ಹಾಗಾಗಿ ಎಲ್ಲಿ ಕೊಳ್ಳಬೇಕು ಎಂಬುದು ನಮ್ಮ ಮನೆಯಲ್ಲಿ ತಿಂಗಳಿಗೆರಡು ಬಾರಿಯಾದರೂ ಏಳುವ ಪ್ರಶ್ನೆ.

ನಾವಿರುವುದು ಬೆಂಗಳೂರಿನ ವಿಜಯನಗರದಲ್ಲಿ. ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಎಂ.ಜಿ. ರಸ್ತೆಗೆ ಒಂದೇ ಗಾಡಿ. ಅಲ್ಲಿಂದ ಚರ್ಚ್ ಸ್ಟ್ರೀಟಿಗೆ ನಡೆದೇ ಹೋಗಬಹುದು. ಪುಸ್ತಕದಂಗಡಿಗಳಿಗೆ ಬರವಿಲ್ಲ: ಬ್ಲಾಸಮ್ ಇದೆ, ಬುಕ್‌ವರ್ಮ್ ಇದೆ, ಬ್ರಿಗೇಡ್ ರಸ್ತೆಯ ಒಳಗಲ್ಲಿಯಲ್ಲಿ 1945ರಲ್ಲಿ ಶುರುವಾದ ಸೆಲೆಕ್ಟ್ ಇದೆ. ಗಾಂಧಿನಗರದ ಕಡೆ ಹೋದರೆ ಸಪ್ನಾ. ಇಷ್ಟೆಲ್ಲ ಹತ್ತಿರದಲ್ಲಿದ್ದರೂ ನಾನು ಆನ್‌ಲೈನಿನಲ್ಲೂ ಕೊಳ್ಳುತ್ತೇನೆ. ಎರಡೂ ಕಡೆ ದುಡ್ಡು ಸುರಿದು, ಎರಡೂ ಕಡೆ ಪೆಟ್ಟು ತಿಂದು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಎಲ್ಲರೂ ಬೆಲೆಯಿಂದ ಶುರುಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಮೊದಲು ಕೇಳಿಕೊಳ್ಳುವುದು ಬೇರೆ: ನನಗೆ ಏನು ಬೇಕು ಎಂದು ನನಗೆ ಈಗಾಗಲೇ ಗೊತ್ತಿದೆಯೇ?

ಗೊತ್ತಿದ್ದರೆ, ಅಂದರೆ ‘ನರುಟೊ’ 37ನೇ ಸಂಪುಟವೇ ಬೇಕು, ಬೇರೆ ಯಾವುದೂ ಬೇಡ ಎಂದಾದರೆ, ಆನ್‌ಲೈನಿಗೆ ಸಾಟಿಯಿಲ್ಲ. ಯಾವ ಅಂಗಡಿಯೂ 72 ಸಂಪುಟಗಳನ್ನು ಸದಾ ಕಪಾಟಿನಲ್ಲಿ ಇಟ್ಟಿರಲಾರದು. ಒಂದು, ಎರಡು, ಮೂರು ಇರುತ್ತವೆ, ಆಮೇಲೆ ಹನ್ನೊಂದು, ಆಮೇಲೆ ಐವತ್ತು. ಮಧ್ಯದ್ದು ಹುಡುಕಿಕೊಂಡು ಮೂರು ಅಂಗಡಿ ಸುತ್ತಿ ಬರಿಗೈಯಲ್ಲಿ ಬಂದ ಶನಿವಾರಗಳು ನಮಗೆ ಬೇಕಾದಷ್ಟು ಆಗಿವೆ.

ಗೊತ್ತಿಲ್ಲದಿದ್ದರೆ ಅಂಗಡಿಗೇ ಹೋಗಬೇಕು. ಕಾಮಿಕ್ಸಿನ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ. ಕಾದಂಬರಿಯಾದರೆ ಹಿಂಬದಿಯ ನಾಲ್ಕು ಸಾಲು ಓದಿ ಅಂದಾಜು ಮಾಡಬಹುದು. ಚಿತ್ರಕಥೆಗೆ ಪುಟ ತಿರುವಲೇಬೇಕು. ಗೆರೆ ಹೇಗಿದೆ, ಚೌಕಗಳು ಎಷ್ಟು ಒತ್ತೊತ್ತಾಗಿವೆ, ಅಕ್ಷರ ನಿಮ್ಮ ಕಣ್ಣಿಗೆ ಆಗುವಷ್ಟು ದಪ್ಪವಿದೆಯೇ, ಮುದ್ರಣದಲ್ಲಿ ಕಪ್ಪು ಕಪ್ಪಾಗಿಯೇ ಬಂದಿದೆಯೋ ಬೂದಿ ಬಡಿದಂತಿದೆಯೋ ಎಂಬುದು ಫೋನಿನಲ್ಲಿ ತೋರಿಸುವ ಮೂರು ಮಾದರಿ ಪುಟಗಳಿಂದ ತಿಳಿಯುವುದಿಲ್ಲ. ಮಾಂಗಾ ಬಲದಿಂದ ಎಡಕ್ಕೆ ಓದುವಂಥದ್ದು. ಮೊದಲ ಸಲ ಓದುವ ಮಗುವಿಗೆ ಅದು ಒಗ್ಗುತ್ತದೆಯೇ ಎಂದು ನೋಡಲು ಅಂಗಡಿಯ ಮೂಲೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು.

ಮಗಳು ಮೊದಲು ಕೇಳಿದ್ದು ‘ಡೆತ್ ನೋಟ್’. ಅವಳ ಕ್ಲಾಸಿನವರೆಲ್ಲ ಅದರದೇ ಮಾತಾಡುತ್ತಿದ್ದರಂತೆ. ಬಿಲ್ಲಿನ ಕೌಂಟರಿನಲ್ಲಿದ್ದ ಹುಡುಗ ಪುಸ್ತಕ ತಿರುಗಿಸಿ ಹಿಂದಿನ ಮೂಲೆಯ ಗುರುತು ತೋರಿಸಿದ. “ಮೇಡಂ, ಇದು ಸ್ವಲ್ಪ ದೊಡ್ಡ ಮಕ್ಕಳದ್ದು. ಎರಡು ವರ್ಷ ಬಿಟ್ಟು ಓದ್ಲಿ, ಇನ್ನೂ ಚೆನ್ನಾಗಿರತ್ತೆ. ಈಗ ಇದನ್ನ ಕೊಡಿ,” ಎಂದು ಬೇರೊಂದನ್ನು ಕೈಗಿತ್ತ. ವಿಜ್ ಪ್ರಕಾಶನದ ಮಾಂಗಾಗಳ ಹಿಂಬದಿಯಲ್ಲಿ ಎ, ಟಿ, ಟಿ ಪ್ಲಸ್, ಎಂ ಎಂಬ ವಯಸ್ಸಿನ ಗುರುತುಗಳಿರುತ್ತವೆ ಎಂಬುದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಎ ಎಂದರೆ ಎಲ್ಲರಿಗೂ, ಟಿ ಹದಿಹರೆಯದವರಿಗೆ, ಟಿ ಪ್ಲಸ್ ಅದರಲ್ಲೂ ದೊಡ್ಡವರಿಗೆ, ಎಂ ವಯಸ್ಕರಿಗೆ. ಆನ್‌ಲೈನಿನಲ್ಲಿ ಅದೇ ಪುಸ್ತಕ ಆರ್ಡರ್ ಮಾಡಲು ಎರಡು ಸಲ ಬೆರಳು ಒತ್ತಿದರೆ ಸಾಕಿತ್ತು, ಯಾರೂ ತಡೆಯುತ್ತಿರಲಿಲ್ಲ. ಮಕ್ಕಳಿಗೆ ಕೊಳ್ಳುವವರು ಈ ಒಂದು ಗುರುತನ್ನಾದರೂ ನೋಡಿ.

ಬೆಲೆಯ ಲೆಕ್ಕ, ಪೂರ್ತಿ ಲೆಕ್ಕ

499 ರೂಪಾಯಿಯ ಪುಸ್ತಕ ಆನ್‌ಲೈನಿನಲ್ಲಿ 350ಕ್ಕೆ ಕಾಣುತ್ತದೆ, ಅಂಗಡಿಯಲ್ಲಿ 10 ಪರ್ಸೆಂಟ್ ಕಳೆದು 449. ನೂರು ರೂಪಾಯಿಯ ಅಂತರ. ಇಬ್ಬರು ಹೋಗಿಬರುವ ಮೆಟ್ರೊ ದುಡ್ಡು ನೂರೈವತ್ತು ದಾಟುತ್ತದೆ. ಒಂದೇ ಪುಸ್ತಕಕ್ಕಾಗಿ ಹೋಗುವುದಾದರೆ ಅಂಗಡಿ ದುಬಾರಿ, ಇದರಲ್ಲಿ ವಾದವಿಲ್ಲ.

ಆದರೆ ಅಂಗಡಿಗೆ ಸೆಕೆಂಡ್ ಹ್ಯಾಂಡ್ ಎಂಬ ಇನ್ನೊಂದು ಕಪಾಟಿದೆ. ಬ್ಲಾಸಮ್ ಕಟ್ಟಿದ ಮಾಯಿಗೌಡರು ಎಂಜಿನಿಯರಿಂಗ್ ಓದಿದವರು, ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುತ್ತಾ ಈ ವ್ಯಾಪಾರಕ್ಕೆ ಬಂದವರು. ಇವತ್ತಿಗೂ ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲಿ ಹೊಸದರ ಪಕ್ಕದಲ್ಲೇ ಹಳೆಯದು ಕೂತಿರುತ್ತದೆ. ಟಿನ್‌ಟಿನ್, ಆಸ್ಟರಿಕ್ಸ್‌ನಂಥವು ಮೂಲೆ ಸ್ವಲ್ಪ ಮಡಚಿದ್ದರೂ ಒಳಗೆ ಗಟ್ಟಿಮುಟ್ಟಾಗಿ ಹೊಸದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತವೆ. ಓದಿ ಮುಗಿಸಿದ್ದನ್ನು ವಾಪಸು ಕೊಟ್ಟರೆ ಒಂದಿಷ್ಟು ಬೆಲೆ ಕಟ್ಟಿ ಬೇರೆ ಪುಸ್ತಕ ಕೊಡುವ ಅಂಗಡಿಗಳಿವೆ. ಕೊಳ್ಳುವಾಗಲೇ ಕೇಳಿ, ಮುದ್ರೆ ಹಾಕಿಸಿಕೊಳ್ಳಿ, ಬಿಲ್ಲು ಪುಸ್ತಕದೊಳಗೇ ಇಟ್ಟಿರಿ. ಮಗಳು ಬೆಳೆದು ದಾಟಿದ ಪುಸ್ತಕಗಳನ್ನು ಹೀಗೆ ಕೊಟ್ಟು ನಾವು ಹೊಸ ಸರಣಿಗಳನ್ನು ಶುರುಮಾಡಿದ್ದೇವೆ. ಐದು ವರ್ಷದ ಲೆಕ್ಕ ಹಾಕಿದರೆ ಅಂಗಡಿ ದುಬಾರಿ ಎಂಬ ಮಾತು ನಮ್ಮ ಮನೆಗೆ ಹೊಂದುವುದಿಲ್ಲ.

ಆನ್‌ಲೈನಿನ ರಿಯಾಯಿತಿ ಸರಣಿಯ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ ಎಂಬುದನ್ನೂ ಗಮನಿಸಿ. ಮೊದಲ ಸಂಪುಟ ಅಗ್ಗ, ಎರಡನೆಯದೂ ಅಗ್ಗ. ಹುಡುಗರು ಕಥೆಗೆ ಅಂಟಿಕೊಂಡು ಹದಿನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಸ್ಟಾಕು ಕಡಿಮೆ, ಬೆಲೆ ಮುದ್ರಿತ ದರಕ್ಕೇ ಬಂದಿರುತ್ತದೆ. ಕೆಲವು ಮಾರಾಟಗಾರರು ಮುದ್ರಿತ ದರಕ್ಕಿಂತ ಮೇಲೂ ಕೇಳುತ್ತಾರೆ. ಮೇಲೆ ಅಂಟಿಸಿದ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವುದು ಅಂಗಡಿಯಲ್ಲೂ ತಪ್ಪು, ಆನ್‌ಲೈನಿನಲ್ಲೂ ತಪ್ಪು.

ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಚೆಸ್, ಕೇರಂ, ಇತರ ಬೋರ್ಡ್ ಗೇಮ್‌ಗಳ ಮೇಲೆ 12 ಪರ್ಸೆಂಟ್ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಯಿತು. ಹಳೆಯ ಸ್ಟಾಕಿನ ಡಬ್ಬಿಯಾದರೆ ಬಿಲ್ಲಿನಲ್ಲಿ ಯಾವ ದರ ಹಾಕಿದ್ದಾರೆ ಎಂದು ಒಮ್ಮೆ ನೋಡಿಬಿಡಿ.

ಡಬ್ಬಿಯೊಳಗೆ ಏನಿದೆ?

ಬೋರ್ಡ್ ಗೇಮಿನ ಕಥೆ ಪುಸ್ತಕಕ್ಕಿಂತ ಬೇರೆ. ನಮಗೆ ದೊಡ್ಡ ಪೆಟ್ಟು ಬಿದ್ದದ್ದೂ ಇಲ್ಲೇ. ಯಜಮಾನರು ಒಂದು ಹೆಸರುವಾಸಿ ಆಟವನ್ನು ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಕಂಡು ತರಿಸಿದರು. ಡಬ್ಬಿ ಬಿಚ್ಚಿದಾಗ ಎಲೆಗಳು ತೆಳ್ಳಗೆ, ಹಿಂಬದಿಯ ಬಣ್ಣ ಒಂದೊಂದರಲ್ಲಿ ಒಂದೊಂದು ಥರ. ಇಸ್ಪೀಟು ಆಡುವ ಯಾರಿಗಾದರೂ ಗೊತ್ತು, ಎಲೆಯ ಬೆನ್ನು ನೋಡಿ ಮುಖ ಹೇಳಬಹುದಾದರೆ ಆಟ ಅಲ್ಲಿಗೇ ಸತ್ತಂತೆ. ನಿಯಮದ ಪುಸ್ತಕದ ಅಕ್ಷರಗಳು ಜೆರಾಕ್ಸ್ ಮಾಡಿದ ಹಾಗೆ ಮಸುಕು. ಅದು ನಕಲಿ ಮಾಲು.

ಕಟಾನ್, ಟಿಕೆಟ್ ಟು ರೈಡ್‌ನಂಥ ಜನಪ್ರಿಯ ಆಟಗಳಿಗೆ ನಕಲಿಗಳು ಧಾರಾಳ. ಇದು ಯಾಕೆ ಆನ್‌ಲೈನಿನಲ್ಲಿ ಸುಲಭ ಎಂಬುದಕ್ಕೆ ಕಾರಣವಿದೆ. ವಿದೇಶಿ ಬಂಡವಾಳದ ಇ-ವಾಣಿಜ್ಯ ಕಂಪನಿಗಳು ನಮ್ಮ ದೇಶದಲ್ಲಿ ತಾವೇ ಮಾಲು ಇಟ್ಟುಕೊಂಡು ಗಿರಾಕಿಗೆ ಮಾರುವಂತಿಲ್ಲ, ಮಾರುಕಟ್ಟೆ ಒದಗಿಸಬಹುದು ಅಷ್ಟೆ. ನೀವು ದೊಡ್ಡ ಹೆಸರು ನೋಡಿ ನಂಬುತ್ತೀರಿ, ಮಾರುವವರು ಮಾತ್ರ ಕೆಳಗೆ ಸಣ್ಣಕ್ಷರದಲ್ಲಿರುವ ಬೇರೆ ಯಾರೋ. ಹಾಗಾಗಿ ಕೊಳ್ಳುವ ಮುಂಚೆ ಮಾರುವವರ ಹೆಸರನ್ನು ಒತ್ತಿ ನೋಡಿ. 2020ರ ಗ್ರಾಹಕ ರಕ್ಷಣೆ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರ ವಿವರ, ಮಾಲು ಯಾವ ದೇಶದ್ದು ಎಂಬ ಮಾಹಿತಿ ಅಲ್ಲಿ ಇರಲೇಬೇಕು. ಚಾರ್ಜರು, ಚಪ್ಪಲಿ, ಚಮಚ ಎಲ್ಲವನ್ನೂ ಮಾರುವವರ ಬಳಿ ಅರ್ಧ ಬೆಲೆಯ ಕಟಾನ್ ಕಂಡರೆ ನಾನಂತೂ ಮುಟ್ಟುವುದಿಲ್ಲ. ಆಟಗಳನ್ನೇ ಮಾರುವವರಾದರೆ ಧೈರ್ಯ ಮಾಡುತ್ತೇನೆ.

ಅಸಲಿಗೆ ಒಂದು ಸುಲಭದ ಗುರುತು: ಹೊರದೇಶದಿಂದ ತರಿಸಿ ಇಲ್ಲಿ ಮಾರುವ ಡಬ್ಬಿಯ ಮೇಲೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಅಂಟಿಸಿರಬೇಕು. ಅಂಗಡಿಯಲ್ಲಿ ಅದನ್ನು ಕೈಯಲ್ಲಿ ಹಿಡಿದು ಓದಬಹುದು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಯಾದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತೂ ಇರಬೇಕು, 2021ರ ಜನವರಿಯಿಂದ ಅದು ಕಡ್ಡಾಯ.

ಆ ನಕಲಿ ಆಟಕ್ಕೆ ದುಡ್ಡು ವಾಪಸು ಬಂತು, ಆದರೆ ಸುಲಭವಾಗಿ ಬರಲಿಲ್ಲ. ಡಬ್ಬಿ ಬಿಚ್ಚಿದ್ದೀರಿ, ಹಾಗಾಗಿ ತೆಗೆದುಕೊಳ್ಳುವುದಿಲ್ಲ ಎಂದರು. ಬಿಚ್ಚದೆ ನಕಲಿ ಎಂದು ತಿಳಿಯುವುದಾದರೂ ಹೇಗೆ? ಕೊನೆಗೆ ಆ ಆನ್‌ಲೈನ್ ಕಂಪನಿಯ ದೂರು ಅಧಿಕಾರಿಗೆ ಬರೆದದ್ದು ಕೆಲಸ ಮಾಡಿತು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂದು ಮೇಲೆ ಹೇಳಿದ 2020ರ ನಿಯಮಗಳೇ ಹೇಳುತ್ತವೆ. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಈಗ ನಮ್ಮ ಮನೆಯಲ್ಲಿ ಯಾವ ಆಟ ಕೊರಿಯರಿನಲ್ಲಿ ಬಂದರೂ ಬಿಚ್ಚುವಾಗ ಒಬ್ಬರು ಫೋನು ಹಿಡಿದು ವಿಡಿಯೊ ಮಾಡುತ್ತಾರೆ.

ಇಷ್ಟಾದ ಮೇಲೂ ಬೋರ್ಡ್ ಗೇಮಿಗೆ ಅಂಗಡಿಯೇ ಮೇಲು ಎಂದು ನಾನು ಹೇಳುವುದಕ್ಕೆ ನಕಲಿಯ ಭಯ ಮುಖ್ಯ ಕಾರಣವಲ್ಲ. ಆಟವನ್ನು ಕಲಿಸುವ ಮನುಷ್ಯ ಅಲ್ಲಿದ್ದಾನೆ, ಅದೇ ಕಾರಣ. ಇಂಗ್ಲಿಷಿನ ಇಪ್ಪತ್ತು ಪುಟದ ನಿಯಮ ಓದಿ ಆಟ ಶುರುಮಾಡುವಷ್ಟರಲ್ಲಿ ಮನೆಗೆ ಬಂದ ನೆಂಟರಿಗೆ ಆಕಳಿಕೆ ಬಂದಿರುತ್ತದೆ. ಆಟಗಳ ಅಂಗಡಿಯಲ್ಲೋ ಬೋರ್ಡ್ ಗೇಮ್ ಕೆಫೆಯಲ್ಲೋ ಒಂದು ಸಂಜೆ ಕೂತರೆ ಅಲ್ಲಿಯವರೇ ಒಂದು ಸುತ್ತು ಆಡಿಸಿ ತೋರಿಸುತ್ತಾರೆ. ಆಡಿ ನೋಡಿದ ಮೇಲೆ ಬೇಡ ಎನಿಸಿದ ಆಟಗಳು ನಮ್ಮ ಪಟ್ಟಿಯಲ್ಲಿ ಏಳಿವೆ. ಒಂದೊಂದಕ್ಕೆ ಮೂರು ಸಾವಿರ ಎಂದರೂ ಕೆಫೆಗೆ ಕೊಟ್ಟ ಗಂಟೆಯ ಬಾಡಿಗೆ ಯಾವತ್ತೋ ಹುಟ್ಟಿಬಿಟ್ಟಿದೆ.

ನಮ್ಮದೇ ಆಟಗಳನ್ನು ಎಲ್ಲಿ ಕೊಳ್ಳುವುದು?

ಅಜ್ಜಿಯ ಕಾಲದ ಆಟಗಳು ಈಗ ಆನ್‌ಲೈನಿನಲ್ಲಿ ಚೆಂದದ ಡಬ್ಬಿಗಳಲ್ಲಿ ಬರುತ್ತಿವೆ. ಚೌಕಾಬಾರ, ಪಗಡೆ, ಹುಲಿ-ಕುರಿ, ಅಳಗುಳಿಮಣೆ. ಹೊರದೇಶದಲ್ಲಿರುವ ಕನ್ನಡದ ಮಕ್ಕಳಿಗೆ ಕಳಿಸಲು ಇವು ಒಳ್ಳೆಯವೇ. ಆದರೆ ಅಳಗುಳಿಮಣೆಯನ್ನು ಚಿತ್ರ ನೋಡಿ ಕೊಳ್ಳಬೇಡಿ. ಗುಳಿಯ ಆಳ ಕಡಿಮೆಯಿದ್ದರೆ ಹುಣಸೆಬೀಜ ತುಂಬಿದಾಗ ಹೊರಗೆ ಉರುಳುತ್ತವೆ. ಹದಿನಾಲ್ಕು ಗುಳಿಗಳಲ್ಲಿ ಬೆರಳು ಆಡಿಸಿ, ಬೀಜ ಸಲೀಸಾಗಿ ಬಾಚಿ ಬರುತ್ತದೆಯೇ, ಮರದ ಸಿಬಿರು ಏಳುತ್ತದೆಯೇ ಎಂದು ನೋಡಿಯೇ ತೆಗೆದುಕೊಳ್ಳಬೇಕು. ತುಳುನಾಡಿನವರಾದರೆ ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆ ಆಡಿದವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ನನ್ನ ಅತ್ತೆ ಒಂದು ಮಣೆಯನ್ನು ಮಗುಚಿ, ತಟ್ಟಿ, “ಇದು ಹಸಿ ಮರ, ಬಿರುಕು ಬಿಡ್ತದೆ” ಎಂದು ವಾಪಸಿಟ್ಟರು. ಅಂಗಡಿಯವರು ತಾವೇ ಒಳಗಿನಿಂದ ಒಣಗಿದ್ದನ್ನು ತಂದುಕೊಟ್ಟರು.

ಮೈಸೂರಿಗೆ ಹೋಗುವವರು ರಾಮ್ಸನ್ಸ್ ಕಲಾ ಪ್ರತಿಷ್ಠಾನ ನಡೆಸುವ ‘ಕ್ರೀಡಾ ಕೌಶಲ್ಯ’ ಪ್ರದರ್ಶನ ನಡೆಯುತ್ತಿದೆಯೇ ಎಂದು ವಿಚಾರಿಸಿ. ಬಟ್ಟೆಯ ಮೇಲೆ, ಮರದ ಮೇಲೆ, ಬೇರೆ ಬೇರೆ ಕುಶಲಕರ್ಮಿಗಳ ಕೈಯಲ್ಲಿ ಮಾಡಿಸಿದ ಪಗಡೆ ಹಾಸು, ಹುಲಿ-ಕುರಿ ಹಾಸುಗಳನ್ನು ಒಂದೇ ಸೂರಿನಡಿ ಕಾಣಬಹುದು. ಆಟಗಳ ವಿಷಯದಲ್ಲಿ ಮೈಸೂರಿಗೆ ಈ ಹಕ್ಕು ಸುಮ್ಮನೆ ಬಂದದ್ದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಆಟಗಳದೇ ಭಂಡಾರ, ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮನೆಗಳನ್ನು ಬರೆಸಿದ್ದಾರೆ. ಚನ್ನಪಟ್ಟಣದ ಅರಗಿನ ಬಣ್ಣದ ಕಾಯಿಗಳು ಬೇಕಿದ್ದರೆ ಚನ್ನಪಟ್ಟಣದಲ್ಲೇ ಇಳಿದು ಕೊಳ್ಳಿ, ಇಲ್ಲವೇ ಸರ್ಕಾರದ ಕಾವೇರಿ ಮಳಿಗೆಯಲ್ಲಿ. ಆ ಹೆಸರಿಗೆ ಭೌಗೋಳಿಕ ಸೂಚಿಕೆ ಇದ್ದರೂ, ಬೇರೆಲ್ಲೋ ಯಂತ್ರದಲ್ಲಿ ಮಾಡಿದ ಪೇಂಟಿನ ಗೊಂಬೆಗೂ ಅದೇ ಹೆಸರು ಹಚ್ಚಿ ಆನ್‌ಲೈನಿನಲ್ಲಿ ಮಾರುವವರಿದ್ದಾರೆ.

ಚೌಕಾಬಾರಕ್ಕೆ ಮಾತ್ರ ನಿಮ್ಮ ದುಡ್ಡು ಉಳಿಸಿ. ನಾಲ್ಕು ಕವಡೆ, ಒಂದು ಸೀಮೆಸುಣ್ಣ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಐದೈದು ಮನೆ ನೆಲದ ಮೇಲೇ ಬರೆದುಕೊಳ್ಳಬಹುದು.

ಹಳೆಯ ಕನ್ನಡ ಕಾಮಿಕ್ಸ್ ಹುಡುಕುವವರಿಗೆ

ಇದು ಬೇರೆಯೇ ಲೋಕ, ನನಗೆ ಅತ್ಯಂತ ಪ್ರಿಯವಾದ ಲೋಕ. ಅಮರ ಚಿತ್ರಕಥೆ ಎಂದರೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ, 1967 ಎಂದು ನೆನಪಾಗುತ್ತದೆ. ಅದಕ್ಕೂ ಮುಂಚೆ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ ವಿದೇಶಿ ಕಥೆಗಳ ಮೊದಲ ಹತ್ತು ಸಂಚಿಕೆಗಳು ಬಂದದ್ದು ಕನ್ನಡದಲ್ಲಿ. ಪೈ ಅವರ ‘ಕೃಷ್ಣ’ ಸಂಚಿಕೆಯ ಸಂಖ್ಯೆ ಹನ್ನೊಂದು ಆಗಿರುವುದು ಅದಕ್ಕೇ. ಇಂದ್ರಜಾಲ ಕಾಮಿಕ್ಸ್ 1964ರಿಂದ 1990ರವರೆಗೆ ಬಂತು. ಫ್ಯಾಂಟಮ್ಮನ ಸಾಹಸಗಳನ್ನು ಕನ್ನಡದಲ್ಲಿ ಓದಿ ಬೆಳೆದವರು ಈಗ ಅವನ್ನು ಹುಡುಕುತ್ತಿದ್ದಾರೆ. ಮಕ್ಕಳ ಪತ್ರಿಕೆ ‘ಬಾಲಮಂಗಳ’ದ ಡಿಂಗನನ್ನು ಹುಡುಕುವವರಲ್ಲಿ ನಾನೂ ಒಬ್ಬಳು.

ಇಂಥ ಹಳೆಯ ಕನ್ನಡ ಸಂಚಿಕೆಗಳು ಹೊಸದಾಗಿ ಅಚ್ಚಾಗುತ್ತಿಲ್ಲ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದವರ ಬಳಿ ರಾಶಿ ಕೆದಕಿದರೆ ಅದೃಷ್ಟಕ್ಕೆ ಒಂದು ಸಿಗುತ್ತದೆ, ತೂಕದ ಲೆಕ್ಕದ ರದ್ದಿಯೊಳಗೂ ಸಿಗುತ್ತದೆ. ಆನ್‌ಲೈನಿನ ಸಂಗ್ರಾಹಕರ ಬಳಿ ಖಂಡಿತ ಸಿಗುತ್ತದೆ, ಆದರೆ ಅವರಿಗೆ ಅದರ ಬೆಲೆ ಗೊತ್ತು. ಒಂದು ರೂಪಾಯಿಯ ಸಂಚಿಕೆಗೆ ಸಾವಿರ ಕೇಳುತ್ತಾರೆ. ನಾನು ಇಲ್ಲಿ ಸಂಕೋಚವಿಲ್ಲದೆ ಆನ್‌ಲೈನಿನವರ ಪರ. ಯಾರದೋ ಅಟ್ಟದ ಮೇಲಿದ್ದ ಸಂಚಿಕೆ ಧಾರವಾಡದಿಂದ ಬೆಂಗಳೂರಿಗೆ ಬರುವುದಕ್ಕೆ ಬೇರೆ ದಾರಿಯೇ ಇಲ್ಲ.

ದುಡ್ಡು ಕಳಿಸುವ ಮುಂಚೆ ನಾಲ್ಕು ಚಿತ್ರ ಕೇಳಿ ತರಿಸಿಕೊಳ್ಳಿ: ಮುಖಪುಟ, ಹಿಂಪುಟ, ಬೆನ್ನಿನ ಪಿನ್ನು, ಸರಿಯಾಗಿ ಮಧ್ಯದ ಹಾಳೆ. ಮಧ್ಯದ ಹಾಳೆ ಯಾಕೆಂದರೆ ಪಿನ್ನು ಸಡಿಲವಾದಾಗ ಮೊದಲು ಕಳಚಿಹೋಗುವುದು ಅದೇ. ಪಿನ್ನಿಗೆ ತುಕ್ಕು ಹಿಡಿದಿದ್ದರೆ ಸುತ್ತಲಿನ ಕಾಗದ ಕಂದಾಗಿ ಪುಡಿಯಾಗುತ್ತಿರುತ್ತದೆ. ಪೆನ್ನಿನಲ್ಲಿ ಬರೆದ ಹೆಸರು ಇದ್ದರೆ ನನಗಂತೂ ಬೇಸರವಿಲ್ಲ. ನನ್ನ ಬಳಿಯಿರುವ ಒಂದು ಸಂಚಿಕೆಯ ಮೇಲೆ ‘ನಾಲ್ಕನೇ ಕ್ಲಾಸು, ಬಿ ವಿಭಾಗ’ ಎಂದಿದೆ. ಆ ಹುಡುಗ ಈಗ ಅಜ್ಜನಾಗಿರಬೇಕು.

ಪರದೆಯ ಮೇಲೆ ಓದುವುದು

ಜಾಗವಿಲ್ಲದ ಮನೆಗಳಿಗೆ ಡಿಜಿಟಲ್ ಒಳ್ಳೆಯ ದಾರಿ. ಪುಟ್ಟ ಮಕ್ಕಳಿಗಂತೂ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಸಚಿತ್ರ ಕಥೆಗಳು ಉಚಿತವಾಗಿಯೇ ಸಿಗುತ್ತವೆ. ಅದನ್ನು ಬಳಸದಿರುವುದು ನಷ್ಟ.

ದುಡ್ಡು ಕೊಟ್ಟು ಕೊಳ್ಳುವ ಡಿಜಿಟಲ್ ಕಾಮಿಕ್ಸಿನ ವಿಷಯ ಬೇರೆ. ಅಲ್ಲಿ ನೀವು ಕೊಳ್ಳುವುದು ಪುಸ್ತಕವನ್ನಲ್ಲ, ಓದುವ ಅನುಮತಿಯನ್ನು. 2009ರಲ್ಲಿ ಹಕ್ಕುಗಳ ತಕರಾರು ಎದ್ದಾಗ ಜಾರ್ಜ್ ಆರ್ವೆಲ್ಲರ ‘1984’ ಕಾದಂಬರಿಯ ಪ್ರತಿಗಳನ್ನು ಅಮೆಜಾನ್ ಓದುಗರ ಕಿಂಡಲ್ ಎಂಬ ಓದುವ ಸಾಧನಗಳಿಂದಲೇ ಅಳಿಸಿ, ಹಣ ಹಿಂದಿರುಗಿಸಿತ್ತು. ಕಾಮಿಕ್ಸಿಗೆಂದೇ ಇದ್ದ ಕಾಮಿಕ್ಸಾಲಜಿಯನ್ನು 2014ರಲ್ಲಿ ಅದೇ ಕಂಪನಿ ಕೊಂಡಿತು, 2023ರ ಡಿಸೆಂಬರಿನಲ್ಲಿ ಅದರ ಪ್ರತ್ಯೇಕ ಆ್ಯಪ್ ನಿಂತು ಕಿಂಡಲ್ಲಿನೊಳಗೆ ಸೇರಿಹೋಯಿತು. ಕೊಂಡ ಪುಸ್ತಕವನ್ನು ಜಾಲತಾಣದಿಂದ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಲು ಇದ್ದ ಸೌಲಭ್ಯವನ್ನೂ 2025ರ ಫೆಬ್ರವರಿಯಲ್ಲಿ ತೆಗೆದುಹಾಕಿತು. ಒಮ್ಮೆ ಓದಿ ಬಿಡುವಂಥದ್ದನ್ನು ಪರದೆಯ ಮೇಲೆ ಓದಿ. ಮಗಳಿಗೆ ಕೊಟ್ಟು ಹೋಗಬೇಕು ಎನಿಸುವಂಥದ್ದನ್ನು ಕಾಗದದಲ್ಲೇ ಕೊಳ್ಳಿ.

ಊರಿನಲ್ಲಿ ಅಂಗಡಿಯೇ ಇಲ್ಲದಿದ್ದರೆ?

ಚರ್ಚ್ ಸ್ಟ್ರೀಟಿನ ಮಾತು ಬೆಂಗಳೂರಿನವರಿಗೆ ಸರಿ. ಹಾಸನದಲ್ಲಿ, ರಾಯಚೂರಿನಲ್ಲಿ, ಶಿರಸಿಯಲ್ಲಿ ಮಾಂಗಾ ಕಪಾಟು ಎಲ್ಲಿಂದ ಬರಬೇಕು? ನನ್ನ ತವರು ಸಣ್ಣ ಊರು. ಅಲ್ಲಿನ ಪುಸ್ತಕದ ಅಂಗಡಿ ಎಂದರೆ ನೋಟ್‌ಬುಕ್ಕು, ಗೈಡು, ಪಂಚಾಂಗ. ಅಲ್ಲಿನ ಮಕ್ಕಳಿಗೆ ಆನ್‌ಲೈನ್ ಒಂದು ವರವೇ. ‘ಸ್ಥಳೀಯ ಅಂಗಡಿಯನ್ನು ಉಳಿಸಿ’ ಎಂದು ಅವರಿಗೆ ಉಪದೇಶ ಮಾಡುವುದು ನ್ಯಾಯವಲ್ಲ.

ಅವರಿಗೆ ನಾನು ಹೇಳುವ ಮಧ್ಯದ ದಾರಿ ಒಂದಿದೆ. ಬೆಂಗಳೂರಿನ, ಮೈಸೂರಿನ ಅಂಗಡಿಗಳಲ್ಲಿ ಎಷ್ಟೋ ಜನ ಈಗ ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಾರೆ. ಬೇಕಾದ ಪಟ್ಟಿ ಕಳಿಸಿದರೆ ಇರುವುದನ್ನು ಫೋಟೊ ತೆಗೆದು ತೋರಿಸಿ, ಯುಪಿಐನಲ್ಲಿ ದುಡ್ಡು ತೆಗೆದುಕೊಂಡು, ಪಾರ್ಸೆಲ್ ಮಾಡುತ್ತಾರೆ. ಒಂದೇ ಒಂದು ಪುಸ್ತಕ ತರಿಸಿದರೆ ಅಂಚೆಯ ಖರ್ಚು ಮೈಮೇಲೆ ಬರುತ್ತದೆ, ಐದಾರು ಒಟ್ಟಿಗೆ ತರಿಸಿ. ಪುಸ್ತಕಗಳಿಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಸಣ್ಣ ಮಾರಾಟಗಾರರಿಗೆ ನಿಜಕ್ಕೂ ಪೆಟ್ಟು ಬಿತ್ತು. 2025ರ ಮೇ ತಿಂಗಳಿಂದ ‘ಜ್ಞಾನ ಪೋಸ್ಟ್’ ಬಂದಿದೆ: 300 ಗ್ರಾಂಗೆ 20 ರೂಪಾಯಿ, 5 ಕಿಲೊಗೆ 100. ನಿಮ್ಮ ಪುಸ್ತಕಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಅಂಗಡಿಯವರನ್ನೇ ಕೇಳಿ. ಹೀಗೆ ತರಿಸಿದಾಗ ಮನೆ ಬಾಗಿಲಿಗೂ ಬರುತ್ತದೆ, ಆರಿಸಿಕೊಟ್ಟ ಮನುಷ್ಯನಿಗೂ ದುಡ್ಡು ಸೇರುತ್ತದೆ.

ಮುಟ್ಟಿ ನೋಡಿದ್ದಕ್ಕೆ ಬೆಲೆ

ಈಗ ನನಗೆ ಸಿಟ್ಟು ಬರಿಸುವ ವಿಷಯ. ಅಂಗಡಿಗೆ ಬಂದು, ಅರ್ಧ ಗಂಟೆ ಪುಟ ತಿರುವಿ, ಕೌಂಟರಿನವರ ಬಳಿ ನಾಲ್ಕು ಪ್ರಶ್ನೆ ಕೇಳಿ, ಬಾರ್‌ಕೋಡಿನ ಫೋಟೊ ತೆಗೆದುಕೊಂಡು ಹೊರಗೆ ಹೋಗಿ ಆನ್‌ಲೈನಿನಲ್ಲಿ ಕೊಳ್ಳುವವರು. ಅಂಗಡಿಯೊಳಗೇ ನಿಂತು ಆರ್ಡರ್ ಮಾಡಿದವರನ್ನೂ ನೋಡಿದ್ದೇನೆ. ನೀವು ಮುಟ್ಟಿ ನೋಡಲೆಂದು ಆ ಪುಸ್ತಕವನ್ನು ಅಲ್ಲಿಟ್ಟವರು ಅದಕ್ಕೆ ಬಾಡಿಗೆ ಕಟ್ಟಿದ್ದಾರೆ, ದೀಪ ಉರಿಸಿದ್ದಾರೆ, ಪುಸ್ತಕ ಓದುವ ಹುಡುಗನಿಗೆ ಸಂಬಳ ಕೊಟ್ಟಿದ್ದಾರೆ. ಇದೆಲ್ಲವೂ ಬರಬೇಕಾದದ್ದು ಆ ಪುಸ್ತಕದ ಬೆಲೆಯಲ್ಲಿ ಅವರಿಗೆ ಉಳಿಯುವ ಒಂದು ಪಾಲಿನಿಂದಲೇ. ನೀವು ಕೇಳುವ 30 ಪರ್ಸೆಂಟ್ ರಿಯಾಯಿತಿ ಹೆಚ್ಚುಕಡಿಮೆ ಆ ಪಾಲನ್ನು ಪೂರ್ತಿ ನುಂಗಿಬಿಡುತ್ತದೆ.

ನಮ್ಮ ಮನೆಯ ಕಟ್ಟಳೆ ಇದು: ಅಂಗಡಿಯಲ್ಲಿ ಪರಿಚಯವಾದ ಸರಣಿಯ ಮೊದಲ ಸಂಪುಟ ಅಂಗಡಿಯಲ್ಲೇ. ಅಂಗಡಿಯಲ್ಲಿ ಕಲಿತ ಆಟ ಅಂಗಡಿಯಲ್ಲೇ. ನಾವೇ ಪತ್ತೆ ಮಾಡಿದ್ದು, ಅಂಗಡಿಯಲ್ಲಿ ಇಲ್ಲದ್ದು, ನಡುವಿನ ಸಂಪುಟ ಎಲ್ಲಿ ಸಿಕ್ಕರೆ ಅಲ್ಲಿ.

ಅಮೆರಿಕದಲ್ಲಿರುವ ನನ್ನ ತಮ್ಮ ಅಲ್ಲಿನ ಕಾಮಿಕ್ಸ್ ಅಂಗಡಿಗಳ ಪದ್ಧತಿ ಹೇಳುತ್ತಿರುತ್ತಾನೆ. ಪ್ರತಿ ಬುಧವಾರ ಹೊಸ ಸಂಚಿಕೆಗಳು ಬರುತ್ತವೆ. ಕಾಯಂ ಗಿರಾಕಿಗಳು ತಮಗೆ ಬೇಕಾದವುಗಳ ಪಟ್ಟಿಯನ್ನು ಅಂಗಡಿಯಲ್ಲಿ ಕೊಟ್ಟಿರುತ್ತಾರೆ, ಅಂಗಡಿಯವರು ತೆಗೆದಿಟ್ಟಿರುತ್ತಾರೆ. ಎಪ್ಪತ್ತರ ದಶಕದಿಂದ ಬೆಳೆದು ಬಂದ ಆ ವ್ಯವಸ್ಥೆಯಲ್ಲಿ ಮಾರಾಟವಾಗದ ಸಂಚಿಕೆಗಳನ್ನು ಅಂಗಡಿಯವರು ವಾಪಸು ಮಾಡುವಂತಿಲ್ಲ. ಹೆಚ್ಚು ತರಿಸಿದರೆ ನಷ್ಟ ಅವರದೇ, ಕಡಿಮೆ ತರಿಸಿದರೆ ಗಿರಾಕಿ ಹೋದ. ಹಾಗಾಗಿ ಗಿರಾಕಿಯ ಪಟ್ಟಿಯೇ ಅವರಿಗೆ ಆಧಾರ. ಹತ್ತಾರು ವರ್ಷ ಆ ದೇಶದ ಕಾಮಿಕ್ಸ್ ಅಂಗಡಿಗಳಿಗೆ ಮಾಲು ಹಂಚುತ್ತಿದ್ದ ಡೈಮಂಡ್ ಕಂಪನಿ 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದಾಗ, ಬೋರ್ಡ್ ಗೇಮ್ ಹಂಚುವ ಅದರ ಇನ್ನೊಂದು ಶಾಖೆಯೂ ಆ ಸುಳಿಯಲ್ಲಿ ಸಿಕ್ಕಿತು. ಮಾರುವವರ ಬದುಕು ಎಷ್ಟು ತೆಳುವಾದ ದಾರದ ಮೇಲಿದೆ ಎಂದು ಆಗ ನನಗೆ ಅರಿವಾಯಿತು.

ಆ ಪಟ್ಟಿಯ ಪದ್ಧತಿಯನ್ನು ನಾವು ಇಲ್ಲಿ ಸಣ್ಣದಾಗಿ ಶುರುಮಾಡಿದೆವು. ಮಗಳು ಓದುತ್ತಿರುವ ಎರಡು ಸರಣಿಗಳ ಹೆಸರು, ಯಾವ ಸಂಪುಟದವರೆಗೆ ಆಗಿದೆ ಎಂಬುದು, ನಮ್ಮ ಫೋನ್ ನಂಬರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿಯವರಿಗೆ ಕೊಟ್ಟೆವು. ಮೊದಲು ಅವರಿಗೂ ಆಶ್ಚರ್ಯವಾಯಿತು. ಈಗ ಮುಂದಿನದು ಬಂದರೆ ಕೌಂಟರಿನ ಕೆಳಗೆ ಇಟ್ಟು ಮೆಸೇಜು ಹಾಕುತ್ತಾರೆ. ಬೇಡವೆಂದರೆ ಕಪಾಟಿಗೆ ಹೋಗುತ್ತದೆ, ಬಲವಂತವಿಲ್ಲ. ಆನ್‌ಲೈನಿನ ಬುಟ್ಟಿಗೆ ಹಾಕಿದ ಪುಸ್ತಕ ಖಾಲಿಯಾಗುವ ಭಯ, ನಡುವಿನ ಸಂಪುಟದ ತಲೆನೋವು ಎರಡೂ ಅರ್ಧಕ್ಕೆ ಇಳಿದಿವೆ.

2009ರಲ್ಲಿ ಬೆಂಗಳೂರಿನ ಪ್ರೀಮಿಯರ್ ಪುಸ್ತಕದಂಗಡಿ ಮುಚ್ಚಿದಾಗ ನಾನು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದೆ. ಅದರ ಮಾಲೀಕ ಶಾನಭಾಗರು ಪುಸ್ತಕದ ರಾಶಿಗಳ ನಡುವಿನಿಂದ ಕೇಳಿದ ಪುಸ್ತಕವನ್ನು ಹುಡುಕದೆಯೇ ಎಳೆದು ಕೊಡುತ್ತಿದ್ದರು. ಆ ವರ್ಷ ನಾನು ಅಲ್ಲಿಗೆ ಹೋದದ್ದು ಎರಡೇ ಸಲ. ಮುಚ್ಚುತ್ತದೆ ಎಂದು ಗೊತ್ತಾದ ಮೇಲೆ ಹೋದದ್ದೂ ಅದರಲ್ಲಿ ಸೇರಿದೆ.

ನಿನ್ನೆ ಸಂಜೆ ಅಂಗಡಿಯಿಂದ ಮೆಸೇಜು ಬಂತು. ಎಂಟನೆಯದು ಬಂದಿದೆ, ಒಂಬತ್ತನೆಯದಕ್ಕೆ ಇನ್ನೂ ಎರಡು ವಾರ ಆಗಬಹುದು. ಆನ್‌ಲೈನಿನಲ್ಲಿ ಎರಡೂ ಇವೆ, ನೋಡಿದೆ, ಒಟ್ಟಿಗೆ ಕೊಂಡರೆ ನೂರೆಂಬತ್ತು ರೂಪಾಯಿ ಉಳಿಯುತ್ತದೆ. ಮಗಳಿಗೆ ಫೋನು ತೋರಿಸಿ ಯಾವುದು ಮಾಡೋಣ ಎಂದು ಕೇಳಿದೆ. “ಅಮ್ಮಾ, ಎಂಟು ಶನಿವಾರ ಹೋಗಿ ತರೋಣ. ಒಂಬತ್ತಕ್ಕೆ ಕಾಯ್ತೀನಿ,” ಎಂದಳು. ಮೆಟ್ರೊ ಕಾರ್ಡಿಗೆ ದುಡ್ಡು ಹಾಕಿಸಬೇಕು.